ಕೈಗೆ ಚಿಪ್ಪು ಬಂದ ಮೇಲೆ



ನಮ್ಮೂರ ಕಡೆ ಒಬ್ಬರ "ಕೈಗೆ ಚಿಪ್ಪು ಬಂತು" ಎಂದರೆ ಅವರ ವ್ಯವಹಾರ ಮುಳುಗಿತು ಎಂದೇ ಅರ್ಥ. ಇದ್ದಬದ್ದದ್ದೆಲ್ಲ ಹೋಗಿ ಕೊನೆಗೆ ತೆಂಗಿನ ಚಿಪ್ಪೊಂದು ಉಳಿಯಿತು ಎನ್ನುವ ಮಾತದು. ಇಲ್ಲಿ ನೋಡಿದರೆ ಬ್ಯಾಂಕಿನವರೇ ಅಂಚೆಯಲ್ಲಿ ಚಿಪ್ಪು ಕಳಿಸುತ್ತಾರೆ, ಜೊತೆಗೆ ಅಭಿನಂದನೆಯ ಪತ್ರವನ್ನೂ ಇಡುತ್ತಾರೆ. ಹೆಸರು ಒಂದೇ ಆದರೂ ಇದು ಬೇರೆ ಚಿಪ್ಪು. ಡೆಬಿಟ್ ಕಾರ್ಡಿನ ಎಡಗಡೆ ಬಂಗಾರದ ಬಣ್ಣದಲ್ಲಿ ಮಿನುಗುವ ಉಗುರಿನಷ್ಟು ಅಗಲದ ಆ ಚೌಕವೇ ಈ ಸಂಚಿಕೆಯ ಪಾಠ.

ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಅವರು ಫೋನನ್ನೇ ತಾಗಿಸಿ ಹೊರಟುಬಿಡುತ್ತಾರೆ. ನಮ್ಮ ಈ ಕನ್ನಡ ಪುಟಗಳನ್ನು ಓದುವವರು ಹೆಚ್ಚಾಗಿ ಮನೆಯ ಹಿರಿಯರು, ಊರಿನಿಂದ ಆರು ತಿಂಗಳಿಗೆಂದು ಬಂದ ತಂದೆತಾಯಿಗಳು, ಮದುವೆಯಾಗಿ ಹೊಸದಾಗಿ ಬಂದ ಹೆಣ್ಣುಮಕ್ಕಳು. ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮಂಥವರನ್ನು ಪ್ರಸಾದದ ಸಾಲಿನಲ್ಲಿ ಅವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಹಳೇ ಕಾರ್ಡು ಚೆನ್ನಾಗೇ ಇತ್ತಲ್ಲಪ್ಪ, ಇದನ್ನು ಯಾಕೆ ಬದಲಾಯಿಸಿದರು?" ಸಾಲು ಮುಂದೆ ಸರಿಯುವುದರೊಳಗೆ ಇದಕ್ಕೆ ಉತ್ತರ ಹೇಳಿ ಮುಗಿಸಲಾಗದು. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಬರೆಯುತ್ತಿದ್ದೇವೆ.

ಕಪ್ಪು ಪಟ್ಟಿಯ ಕಾಲ

ಹಳೆಯ ಕಾರ್ಡನ್ನು ತಿರುಗಿಸಿದರೆ ಹಿಂದೆ ಒಂದು ಕಪ್ಪು ಅಥವಾ ಕಂದು ಪಟ್ಟಿ ಇರುತ್ತದೆ. ಹಾಡಿನ ಕ್ಯಾಸೆಟ್ಟಿನ ಟೇಪು ಮತ್ತು ಈ ಪಟ್ಟಿ ಒಂದೇ ಜಾತಿ. 1960ರ ದಶಕದಲ್ಲಿ ಐಬಿಎಂ ಕಂಪನಿಯ ಎಂಜಿನಿಯರ್ ಫಾರೆಸ್ಟ್ ಪ್ಯಾರಿ ಎಂಬವರು ಕಾಂತಪಟ್ಟಿಯನ್ನು ಪ್ಲಾಸ್ಟಿಕ್ಕಿಗೆ ಅಂಟಿಸಲು ಹೆಣಗಾಡುತ್ತಿದ್ದಾಗ, ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಅವರ ಹೆಂಡತಿ "ಇಲ್ಲಿ ಕೊಡಿ" ಎಂದು ಇಸ್ತ್ರಿಪೆಟ್ಟಿಗೆಯಿಂದಲೇ ಅದನ್ನು ಕೂರಿಸಿಕೊಟ್ಟರು ಎಂಬ ಕಥೆ ನಮ್ಮ ವೃತ್ತಿಯಲ್ಲಿ ಬಹಳ ಪ್ರಸಿದ್ಧ.

ಆ ಪಟ್ಟಿಯಲ್ಲಿ ಬರೆದಿರುವುದು ತೀರ ಸ್ವಲ್ಪ. ಕಾರ್ಡಿನ ಸಂಖ್ಯೆ, ಹೆಸರು, ಅವಧಿ ಮುಗಿಯುವ ತಿಂಗಳು, ಇನ್ನೂ ಕೆಲವು ಅಂಕಿಗಳು. ಯಂತ್ರಗಳು ಹೆಚ್ಚಾಗಿ ಓದುವ ಎರಡನೆಯ ಸಾಲಿನಲ್ಲಿ ಹಿಡಿಯುವುದು 40 ಅಕ್ಷರ ಮಾತ್ರ. ನಾವು ಸಂಕ್ರಾಂತಿಗೆ ಕಳಿಸುವ ಎಸ್ಸೆಮ್ಮೆಸ್ಸು ಇದಕ್ಕಿಂತ ಉದ್ದವಿರುತ್ತದೆ. ಈ 40 ಅಕ್ಷರ ಎಂದಿಗೂ ಬದಲಾಗುವುದಿಲ್ಲ ಎಂಬುದೇ ಅದರ ತೊಂದರೆ. ಇವತ್ತು ಅಂಗಡಿಯಲ್ಲಿ ಉಜ್ಜಿದಾಗಲೂ ಅದೇ, ನಾಳೆ ಪೆಟ್ರೋಲ್ ಬಂಕಿನಲ್ಲಿ ಉಜ್ಜಿದಾಗಲೂ ಅದೇ. ಯಾರಾದರೂ ಒಮ್ಮೆ ಅದನ್ನು ಓದಿ ಇಟ್ಟುಕೊಂಡರೆ ಖಾಲಿ ಕಾರ್ಡಿನ ಮೇಲೆ ಹಾಗೆಯೇ ಬರೆದುಬಿಡಬಹುದು. ಎಟಿಎಂನ ಬಾಯಿಗೆ ಇನ್ನೊಂದು ತೆಳ್ಳನೆಯ ಬಾಯಿ ಅಂಟಿಸಿ, ಮೇಲುಗಡೆ ಒಂದು ಪುಟ್ಟ ಕ್ಯಾಮರಾ ಇಟ್ಟು, ಪಟ್ಟಿಯನ್ನೂ ಪಿನ್ನನ್ನೂ ಒಟ್ಟಿಗೆ ಕದಿಯುವುದಕ್ಕೆ ಸ್ಕಿಮ್ಮಿಂಗ್ ಎನ್ನುತ್ತಾರೆ. ಇದಕ್ಕೆ ದೊಡ್ಡ ಬುದ್ಧಿವಂತಿಕೆಯೇನೂ ಬೇಕಾಗಿರಲಿಲ್ಲ.

ರಬ್ಬರ್ ಮೊಹರು ಮತ್ತು ಗುಮಾಸ್ತ

ಹಳೆಯ ಪಟ್ಟಿಯನ್ನು ಕಚೇರಿಯ ರಬ್ಬರ್ ಮೊಹರು ಎಂದುಕೊಳ್ಳಿ. ಯಾರು ಒತ್ತಿದರೂ ಒಂದೇ ಗುರುತು ಬೀಳುತ್ತದೆ. ಮೊಹರನ್ನು ನೋಡಿ ಅಂಥದ್ದೇ ಇನ್ನೊಂದನ್ನು ಕೆತ್ತಿಸಿದರೆ ಆಯಿತು, ಸಾಹೇಬರಿಗೆ ಗೊತ್ತಾಗುವುದು ತಿಂಗಳ ಕೊನೆಗೆ.

ಚಿಪ್ಪು ಹಾಗಲ್ಲ. ಅದೊಂದು ಪುಟ್ಟ ಗಣಕಯಂತ್ರ. 0.76 ಮಿಲಿಮೀಟರ್ ದಪ್ಪದ ಕಾರ್ಡಿನೊಳಗೆ ಕುಳಿತಿರುವ ಒಬ್ಬ ಗುಮಾಸ್ತ ಎನ್ನಿ. ನಮಗೆ ಕಾಣುವ ಬಂಗಾರದ ಬಣ್ಣದ ಚೌಕ ಆತನ ಕಚೇರಿಯ ಬಾಗಿಲು ಮಾತ್ರ, ಆತ ಇರುವುದು ಅದರ ಹಿಂದೆ. ಆತನಿಗೆ ಸ್ವಂತ ಬ್ಯಾಟರಿ ಇಲ್ಲ. ಯಂತ್ರಕ್ಕೆ ತೂರಿಸಿದಾಗ ಯಂತ್ರವೇ ಕರೆಂಟು ಕೊಟ್ಟು ಎಬ್ಬಿಸುತ್ತದೆ. ಆತನ ಹತ್ತಿರ ಒಂದು ಗುಟ್ಟಿನ ಸಂಖ್ಯೆ ಇದೆ. ಅದು ಬ್ಯಾಂಕಿಗೆ ಗೊತ್ತು, ಆತನಿಗೆ ಗೊತ್ತು, ಕಾರ್ಡಿನ ಯಜಮಾನರಾದ ನಮಗೇ ಗೊತ್ತಿಲ್ಲ! ಆ ಸಂಖ್ಯೆಯನ್ನು ಆತ ಯಾರಿಗೂ ಹೊರಗೆ ಹೇಳುವುದಿಲ್ಲ. ಅದನ್ನು ಬಳಸಿ ಲೆಕ್ಕ ಮಾಡಿ, ಲೆಕ್ಕದ ಉತ್ತರವನ್ನು ಮಾತ್ರ ಕೊಡುತ್ತಾನೆ.

ಸೋನಾ ಮಸೂರಿ ಅಕ್ಕಿಯ ಮೂಟೆ ಕೊಳ್ಳುವ ಉದಾಹರಣೆ ತೆಗೆದುಕೊಳ್ಳೋಣ. ಕಾರ್ಡು ತೂರಿಸಿದ ಮೇಲೆ ಅಂಗಡಿಯ ಯಂತ್ರ ಚಿಪ್ಪಿಗೆ ಹೇಳುವುದು ಇಷ್ಟು: ಮೊತ್ತ ಇಂತಿಷ್ಟು ಡಾಲರ್, ದೇಶ ಆಸ್ಟ್ರೇಲಿಯಾ, ತಾರೀಖು ಇಂಥದು, ಮತ್ತು ಆ ಕ್ಷಣದಲ್ಲಿ ಯಂತ್ರ ತಾನೇ ಹುಟ್ಟಿಸಿದ ಒಂದು ಗೊತ್ತುಗುರಿಯಿಲ್ಲದ ಸಂಖ್ಯೆ. ಗುಮಾಸ್ತ ಇದಕ್ಕೆ ತನ್ನ ರಿಜಿಸ್ಟರಿನ ಕ್ರಮಾಂಕವನ್ನು ಸೇರಿಸುತ್ತಾನೆ. ಪ್ರತಿ ವ್ಯವಹಾರಕ್ಕೂ ಆ ಕ್ರಮಾಂಕ ಒಂದೊಂದೇ ಏರುತ್ತ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಇವೆಲ್ಲವನ್ನೂ ಗುಟ್ಟಿನ ಸಂಖ್ಯೆಯೊಂದಿಗೆ ಕಲಸಿ ಎಂಟು ಬೈಟಿನ ಒಂದು ಉತ್ತರ ತಯಾರಿಸುತ್ತಾನೆ. ಅಂಗಡಿಯ ಯಂತ್ರಕ್ಕೆ ಅದು ಅರ್ಥವಾಗುವುದಿಲ್ಲ. ಬ್ಯಾಂಕಿಗೆ ಕಳಿಸುತ್ತದೆ, ಅಷ್ಟೆ. ಬ್ಯಾಂಕು ತನ್ನಲ್ಲಿರುವ ಗುಟ್ಟಿನಿಂದ ಅದೇ ಲೆಕ್ಕವನ್ನು ಮತ್ತೆ ಮಾಡಿ, ಉತ್ತರ ತಾಳೆಯಾದರೆ ಹಣ ಬಿಡುತ್ತದೆ.

ಕಳ್ಳ ಈ ಸಂಭಾಷಣೆಯನ್ನು ಪೂರ್ತಿಯಾಗಿ ಕದ್ದು ಕೇಳಿದ ಎಂದೇ ಇಟ್ಟುಕೊಳ್ಳಿ. ಅವನಿಗೆ ಸಿಕ್ಕಿದ್ದು ಆ ಮೂಟೆ ಅಕ್ಕಿಗೆ, ಆ ಕ್ಷಣಕ್ಕೆ, ಆ ಕ್ರಮಾಂಕಕ್ಕೆ ಮಾತ್ರ ಸಲ್ಲುವ ಉತ್ತರ. ನಾಳೆ ಅದನ್ನೇ ಕೊಟ್ಟರೆ "ಈ ಕ್ರಮಾಂಕ ಆಗಲೇ ಮುಗಿದಿದೆ" ಎಂದು ಬ್ಯಾಂಕು ತಿರಸ್ಕರಿಸುತ್ತದೆ. "ಹಳೇ ಕಾರ್ಡು ಚೆನ್ನಾಗೇ ಇತ್ತಲ್ಲ" ಎನ್ನುವ ಪ್ರಶ್ನೆಗೆ ಉತ್ತರ ಇಷ್ಟೆ: ಹಳೆಯದು ತನ್ನ ಗುಟ್ಟನ್ನು ಪ್ರತಿಸಲವೂ ಅಂಗಡಿಯವನಿಗೆ ಓದಿಹೇಳುತ್ತಿತ್ತು, ಹೊಸದು ಹೇಳುವುದಿಲ್ಲ.

ಹಾಗಾದರೆ ಹೊಸ ಕಾರ್ಡಿನ ಹಿಂದೆ ಪಟ್ಟಿ ಇನ್ನೂ ಯಾಕಿದೆ ಎಂದು ಕೆಲವರು ಕೇಳುತ್ತಾರೆ, ಒಳ್ಳೆಯ ಪ್ರಶ್ನೆ. ಚಿಪ್ಪು ಓದಲಾರದ ಹಳೆಯ ಯಂತ್ರಗಳಿಗಾಗಿ ಅದನ್ನು ಉಳಿಸಿಕೊಂಡು ಬಂದರು. ಆದರೆ ಪಟ್ಟಿಯೊಳಗೆ ಮೂರು ಅಂಕಿಯ ಒಂದು ಸಂಕೇತವಿದೆ. ಅದರ ಮೊದಲ ಅಂಕಿ 2 ಅಥವಾ 6 ಆಗಿದ್ದರೆ "ಈ ಕಾರ್ಡಿಗೆ ಚಿಪ್ಪಿದೆ" ಎಂದರ್ಥ. ಅಂಥ ಕಾರ್ಡನ್ನು ಉಜ್ಜಿದರೆ, ಚಿಪ್ಪು ಓದಬಲ್ಲ ಯಂತ್ರ ಒಪ್ಪದೆ "ಕಾರ್ಡು ತೂರಿಸಿ" ಎಂದು ಹೇಳುತ್ತದೆ. ಯಂತ್ರ ಕೆಟ್ಟಿದೆ ಎಂದು ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲಬೇಡಿ, ಅದು ತನ್ನ ಕೆಲಸವನ್ನೇ ಮಾಡುತ್ತಿದೆ. ಈ ಪಟ್ಟಿಯ ಆಯುಸ್ಸೂ ಮುಗಿಯುತ್ತ ಬಂದಿದೆ. ಮಾಸ್ಟರ್‌ಕಾರ್ಡ್ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಪ್ರಕಾರ 2029ರಿಂದ ಅದರ ಹೊಸ ಕಾರ್ಡುಗಳಲ್ಲಿ ಪಟ್ಟಿ ಇರುವುದಿಲ್ಲ, 2033ರ ಹೊತ್ತಿಗೆ ಚಲಾವಣೆಯಲ್ಲಿರುವ ಕಾರ್ಡುಗಳಿಂದಲೂ ಅದು ಮಾಯವಾಗಬೇಕು.

ಯಾವ ದೇಶ ಯಾವಾಗ

ಫ್ರಾನ್ಸಿನಲ್ಲಿ ರೋಲಾಂ ಮೊರೆನೊ 1974ರಲ್ಲಿ ಚಿಪ್ ಕಾರ್ಡಿಗೆ ಪೇಟೆಂಟ್ ಪಡೆದರು. 1992ರ ವೇಳೆಗೆ ಅಲ್ಲಿನ ಬ್ಯಾಂಕ್ ಕಾರ್ಡುಗಳೆಲ್ಲ ಚಿಪ್ಪಿನವೇ ಆಗಿದ್ದವು. ಯೂರೋಪೇ, ಮಾಸ್ಟರ್‌ಕಾರ್ಡ್, ವೀಸಾ ಮೂರೂ ಸೇರಿ 1990ರ ದಶಕದಲ್ಲಿ ಎಲ್ಲ ದೇಶಗಳಿಗೂ ಹೊಂದುವ ಒಂದೇ ನಿಯಮ ಮಾಡಿದವು. ಮೂರು ಹೆಸರಿನ ಮೊದಲಕ್ಷರ ಸೇರಿ ಅದಕ್ಕೆ ಇಎಂವಿ ಎಂಬ ಹೆಸರು ಬಂತು. ಬ್ರಿಟನ್ನಿನಲ್ಲಿ 2006ರ ಫೆಬ್ರವರಿ 14ರಿಂದ ಪಿನ್ ಕಡ್ಡಾಯವಾಯಿತು. ನಮ್ಮ ಆಸ್ಟ್ರೇಲಿಯಾದಲ್ಲಿ ಚಿಪ್ಪು ಬಂದ ಮೇಲೂ ಬಹಳ ದಿನ ಸಹಿ ಹಾಕುವ ಪದ್ಧತಿ ಉಳಿದಿತ್ತು. 2014ರ ಆಗಸ್ಟ್ 1ರಿಂದ ಅದನ್ನು ನಿಲ್ಲಿಸಿ ಪಿನ್ ಒತ್ತಲೇಬೇಕೆಂದು ಮಾಡಿದರು. ಅಮೆರಿಕ ಈ ವಿಷಯದಲ್ಲಿ ಎಲ್ಲರಿಗಿಂತ ಹಿಂದೆ, 2015ರ ಅಕ್ಟೋಬರಿನವರೆಗೆ ಅಲ್ಲಿನ ಅಂಗಡಿಗಳು ಇದಕ್ಕೆ ಮನಸ್ಸನ್ನೇ ಕೊಟ್ಟಿರಲಿಲ್ಲ. ಅಲ್ಲಿರುವ ನಮ್ಮ ನೆಂಟರ ಮುಂದೆ ಇದೊಂದು ವಿಷಯದಲ್ಲಿ ಜಂಬ ಕೊಚ್ಚಿಕೊಳ್ಳಬಹುದು. ಭಾರತದ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೇವೆ, ಅದು ನಮಗೆಲ್ಲ ಹತ್ತಿರದ್ದು.

ಅಂಚೆಯಲ್ಲಿ ಬಂದಾಗ

ನಮ್ಮ ಓದುಗರಲ್ಲಿ ಎರಡು ಎಪ್ಪಿಂಗ್‌ಗಳವರೂ ಇದ್ದಾರೆ. ಸಿಡ್ನಿಯ ಎಪ್ಪಿಂಗ್‌ನ ಪೋಸ್ಟ್‌ಕೋಡ್ 2121, ಮೆಲ್ಬರ್ನಿನದು 3076. ಬ್ಯಾಂಕಿನ ಫಾರಂನಲ್ಲಿ ಊರಿನ ಹೆಸರು ಟೈಪಿಸಿದರೆ ಎರಡೂ ಪಟ್ಟಿಯಲ್ಲಿ ಒಟ್ಟಿಗೆ ಕಾಣುತ್ತವೆ. ಅವಸರದಲ್ಲಿ ಮೇಲಿನದನ್ನು ಒತ್ತಿದರೆ ನಿಮ್ಮ ಕಾರ್ಡು ಸುಮಾರು 900 ಕಿಲೋಮೀಟರ್ ಆಚೆ ಹೋಗಬಹುದು. ವಿಳಾಸ ಬದಲಾಯಿಸಿದವರು ಈ ನಾಲ್ಕು ಅಂಕಿಯನ್ನು ಎರಡು ಸಲ ನೋಡಿಕೊಳ್ಳಿ. ಬಾಡಿಗೆ ಮನೆ ಬಿಟ್ಟವರು ಬ್ಯಾಂಕಿಗೆ ತಿಳಿಸುವುದರ ಜೊತೆಗೆ ಆಸ್ಟ್ರೇಲಿಯಾ ಪೋಸ್ಟಿನಲ್ಲಿ ಪತ್ರಗಳನ್ನು ಹೊಸ ವಿಳಾಸಕ್ಕೆ ತಿರುಗಿಸುವ ಅರ್ಜಿಯನ್ನೂ ಕೊಡುವುದು ಒಳ್ಳೆಯದು. ಅಪಾರ್ಟ್‌ಮೆಂಟುಗಳ ಕೆಳಗಿನ ಸಾಲು ಅಂಚೆಪೆಟ್ಟಿಗೆಗಳಿಗೆ ಬೀಗವಿದ್ದರೂ ಅದು ಹೆಸರಿಗೆ ಮಾತ್ರ.

ಕಾರ್ಡು ಬಂದ ಕೂಡಲೆ ಅದು ಕೆಲಸ ಮಾಡುವುದಿಲ್ಲ, ಬ್ಯಾಂಕಿನ ಆ್ಯಪಿನಲ್ಲಿ ಅಥವಾ ಫೋನಿನಲ್ಲಿ ಸಕ್ರಿಯಗೊಳಿಸಬೇಕು. ಲಕೋಟೆಯ ಮೇಲಿರುವ ಇಲ್ಲವೇ ಎಸ್ಸೆಮ್ಮೆಸ್ಸಿನಲ್ಲಿ ಬಂದ ನಂಬರಿಗೆ ಫೋನು ಮಾಡುವ ಬದಲು ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರಿಗೆ ಮಾಡಿ. ಹಳೆಯ ಕಾರ್ಡನ್ನು ಕತ್ತರಿಸುವಾಗ ಚಿಪ್ಪಿನ ನಡುವೆಯೇ ಕತ್ತರಿ ಹಾಕಿ, ಪಟ್ಟಿಯನ್ನೂ ತುಂಡು ಮಾಡಿ. ಎರಡು ಭಾಗ ಮಾಡಿ ಚಿಪ್ಪನ್ನು ಇಡಿಯಾಗಿ ಕಸಕ್ಕೆ ಹಾಕುವವರೇ ಹೆಚ್ಚು.

ಬಹಳ ಮನೆಗಳಲ್ಲಿ ಮರೆತುಹೋಗುವ ಸಂಗತಿ ಇನ್ನೊಂದು. ಹೊಸ ಕಾರ್ಡಿಗೆ ಸಂಖ್ಯೆ ಬದಲಾಗಿರಬಹುದು, ಅವಧಿಯ ತಿಂಗಳಂತೂ ಬದಲಾಗಿರುತ್ತದೆ. ಹಳೆಯ ಕಾರ್ಡಿಗೆ ಗಂಟುಹಾಕಿದ್ದ ಪಾವತಿಗಳು, ಅಂದರೆ ರಸ್ತೆ ಟೋಲಿನ ಖಾತೆ, ಓಪಲ್ ಕಾರ್ಡಿಗೆ ತಾನಾಗಿ ಹಣ ತುಂಬುವ ವ್ಯವಸ್ಥೆ, ಫೋನು, ಮಗಳ ಭರತನಾಟ್ಯ ಕ್ಲಾಸು, ಎಲ್ಲವೂ ಒಂದೊಂದಾಗಿ ನಿಲ್ಲುತ್ತವೆ. ಟೋಲಿನದು ನಿಂತರೆ ನೋಟೀಸು ಬರುವವರೆಗೆ ತಿಳಿಯುವುದೇ ಇಲ್ಲ. ಕಳೆದ ಮೂರು ತಿಂಗಳ ಸ್ಟೇಟ್‌ಮೆಂಟು ಮುಂದಿಟ್ಟುಕೊಂಡು ಒಂದು ಸಂಜೆ ಕುಳಿತರೆ ಕೆಲಸ ಮುಗಿಯುತ್ತದೆ.

ಯಂತ್ರದ ಮುಂದೆ

ತೂರಿಸುವಾಗ ಚಿಪ್ಪು ಮೇಲಿರಲಿ, ಚಿಪ್ಪಿನ ಕಡೆಯೇ ಒಳಗೆ ಹೋಗಲಿ. ಗುಮಾಸ್ತನಿಗೂ ಬ್ಯಾಂಕಿಗೂ ಮಾತುಕತೆ ಮುಗಿಯುವವರೆಗೆ ಎಳೆಯಬೇಡಿ. ಉಜ್ಜುವ ಕಾಲದ ಅಭ್ಯಾಸದಿಂದ ತಟ್ಟನೆ ಎಳೆದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ, ಹಿಂದೆ ನಿಂತವರು ನಿಟ್ಟುಸಿರು ಬಿಡುತ್ತಾರೆ.

ಅನಂತರ ಯಂತ್ರ ಸಿಎಚ್‌ಕ್ಯೂ, ಎಸ್‌ಎವಿ, ಸಿಆರ್ ಎಂಬ ಮೂರು ಆಯ್ಕೆ ಕೇಳುತ್ತದೆ. ಅಂದರೆ ಚೆಕ್, ಸೇವಿಂಗ್ಸ್, ಕ್ರೆಡಿಟ್. ಸಾಲವೆಂದರೆ ಹೆದರುವ ನಮ್ಮ ಹಿರಿಯರು ಮೂರನೆಯದನ್ನು ಮುಟ್ಟುವುದೇ ಇಲ್ಲ. ವಾಸ್ತವವಾಗಿ ಡೆಬಿಟ್ ಕಾರ್ಡಿನಲ್ಲಿ ಸಿಆರ್ ಒತ್ತಿದರೆ ಸಾಲವೇನೂ ಆಗುವುದಿಲ್ಲ. ಹಣ ಅದೇ ಖಾತೆಯಿಂದಲೇ ಹೋಗುತ್ತದೆ, ಹೋಗುವ ದಾರಿ ಮಾತ್ರ ಬೇರೆ. ಎಸ್‌ಎವಿ ಒತ್ತಿದರೆ 1984ರಿಂದ ಈ ದೇಶದಲ್ಲಿರುವ ಎಫ್ಟ್‌ಪೋಸ್ ದಾರಿ, ಸಿಆರ್ ಒತ್ತಿದರೆ ವೀಸಾ ಅಥವಾ ಮಾಸ್ಟರ್‌ಕಾರ್ಡಿನ ದಾರಿ. ಸೂಪರ್‌ಮಾರ್ಕೆಟ್ಟಿನ ಕೌಂಟರಿನಲ್ಲಿ ಸಾಮಾನಿನ ಜೊತೆಗೆ ನಗದೂ ಬೇಕೆಂದರೆ ಎಫ್ಟ್‌ಪೋಸ್ ದಾರಿಯೇ ಬೇಕು. ಊರಿನಿಂದ ತಂದ ಕಾರ್ಡಾದರೆ ಸಿಆರ್ ಒಂದೇ ದಾರಿ, ಎಸ್‌ಎವಿ ಒತ್ತಿದರೆ ನಿರಾಕರಣೆಯಾಗುತ್ತದೆ. ನಮಗೆ ತಿಳಿದಂತೆ ತಂದೆತಾಯಿಗಳ ಕಾರ್ಡು "ಆಸ್ಟ್ರೇಲಿಯಾದಲ್ಲಿ ನಡೆಯುವುದಿಲ್ಲ" ಎಂಬ ದೂರಿನಲ್ಲಿ ಒಂದು ಪಾಲು ಈ ಗುಂಡಿಯದೇ.

ತಾಗಿಸಿ ಪಾವತಿ ಮಾಡುವಾಗಲೂ ಕೆಲಸ ಮಾಡುವುದು ಅದೇ ಗುಮಾಸ್ತ. ಕಾರ್ಡಿನ ಅಂಚಿನುದ್ದಕ್ಕೂ ಒಳಗೆ ಒಂದು ತಂತಿಯ ಸುರುಳಿ ಇದೆ. ಕೆಲವೇ ಸೆಂಟಿಮೀಟರ್ ಹತ್ತಿರ ಹಿಡಿದಾಗ ಯಂತ್ರದ ರೇಡಿಯೊ ತರಂಗದಿಂದ ಅದಕ್ಕೆ ಕರೆಂಟು ಸಿಗುತ್ತದೆ. ಪ್ರತಿ ತಾಗಿಕೆಗೂ ಹೊಸ ಉತ್ತರ ಹುಟ್ಟುವುದರಿಂದ ಅದನ್ನು ಕದ್ದು ನಕಲು ಮಾಡಲಾಗದು. ಆದರೆ ಕಾರ್ಡೇ ಕಳೆದುಹೋದರೆ ಸಿಕ್ಕಿದವರು ಮಿತಿಯೊಳಗಿನ ಮೊತ್ತಕ್ಕೆ ಪಿನ್ ಇಲ್ಲದೆ ತಾಗಿಸಬಹುದು. ಕೋವಿಡ್ ಬಂದಾಗ, 2020ರ ಏಪ್ರಿಲಿನಲ್ಲಿ, ಆ ಮಿತಿಯನ್ನು 100 ಡಾಲರಿನಿಂದ 200ಕ್ಕೆ ಏರಿಸಿದ್ದು ನೆನಪಿರಬಹುದು. ಆದ್ದರಿಂದ ಕಾರ್ಡು ಕಾಣಿಸದಿದ್ದರೆ "ಮನೆಯಲ್ಲೇ ಎಲ್ಲೋ ಇರುತ್ತೆ" ಎಂದು ಮರುದಿನಕ್ಕೆ ಬಿಡಬೇಡಿ. ಬಹುಪಾಲು ಬ್ಯಾಂಕುಗಳ ಆ್ಯಪಿನಲ್ಲಿ ತಾತ್ಕಾಲಿಕವಾಗಿ ಬೀಗ ಹಾಕುವ ಗುಂಡಿ ಇದೆ. ಸಿಕ್ಕಿದ ಮೇಲೆ ತೆಗೆದರಾಯಿತು.

ಸಿಡ್ನಿಯವರಿಗೆ ಇನ್ನೊಂದು ಮಾತು. ಎಪ್ಪಿಂಗ್ ಸ್ಟೇಷನ್ನಿನಲ್ಲಿ ರೈಲಿಗಾಗಲಿ, 2019ರ ಮೇ ತಿಂಗಳಿಂದ ಓಡುತ್ತಿರುವ ಮೆಟ್ರೋಗಾಗಲಿ ಬ್ಯಾಂಕಿನ ಕಾರ್ಡನ್ನೇ ತಾಗಿಸಿ ಒಳಗೆ ಹೋಗಬಹುದು. ಹೋಗುವಾಗ ಕಾರ್ಡು ತಾಗಿಸಿ, ಇಳಿಯುವಾಗ ಅದೇ ಕಾರ್ಡು ತುಂಬಿಸಿದ ಫೋನು ತಾಗಿಸಿದರೆ ಮಾತ್ರ ತೊಂದರೆ. ಫೋನಿನೊಳಗಿನ ಕಾರ್ಡಿಗೆ ಗುಪ್ತವಾಗಿ ಬೇರೆಯೇ ಸಂಖ್ಯೆ ಇರುತ್ತದೆ. ಗೇಟಿನ ಲೆಕ್ಕದಲ್ಲಿ ಅವರು ಇಬ್ಬರು ಬೇರೆ ಬೇರೆ ಪ್ರಯಾಣಿಕರು, ಇಬ್ಬರೂ ಅರ್ಧ ಪ್ರಯಾಣ ಮಾಡಿದವರು, ಇಬ್ಬರಿಗೂ ಹೆಚ್ಚಿನ ದರ. ರಿಯಾಯಿತಿ ಇರುವ ಹಿರಿಯರು ಚಿನ್ನದ ಬಣ್ಣದ ಓಪಲ್ ಕಾರ್ಡನ್ನೇ ಬಳಸಲಿ, ಬ್ಯಾಂಕಿನ ಕಾರ್ಡಿಗೆ ಬೀಳುವುದು ದೊಡ್ಡವರ ಪೂರ್ತಿ ದರ. ಮೆಲ್ಬರ್ನಿನವರ ಕೈಯಲ್ಲಿರುವ ಮೈಕಿಯ ಒಳಗೂ ಇಂಥದೇ ಒಂದು ಚಿಪ್ಪಿದೆ ಎಂಬುದು ಗೊತ್ತಿರಲಿ.

ಚಿಪ್ಪಿನ ಮೇಲೆ ಗೀರು, ಎಣ್ಣೆ, ಅಂಟು ಆಗದಂತೆ ನೋಡಿಕೊಳ್ಳಿ. ಆಯುಧಪೂಜೆಯ ದಿನ ಲ್ಯಾಪ್‌ಟಾಪಿನ ಜೊತೆಗೆ ಕಾರ್ಡನ್ನೂ ಇಟ್ಟು ಪೂಜಿಸುವ ಮನೆಗಳುಂಟು, ಕುಂಕುಮವನ್ನು ಚಿಪ್ಪು ಬಿಟ್ಟು ಪಕ್ಕಕ್ಕೆ ಹಚ್ಚಿ.

ಮನೆಮಂದಿಗೆಲ್ಲ ಗೊತ್ತಿರುವ ಪಿನ್

ಈಗ ನಾವು ಮುಖ್ಯವಾಗಿ ಹೇಳಬೇಕೆಂದಿದ್ದ ವಿಷಯಕ್ಕೆ ಬರೋಣ. ಚಿಪ್ಪು ತನ್ನ ಗುಟ್ಟನ್ನು ಯಾರಿಗೂ ಹೇಳುವುದಿಲ್ಲ. ನಾವು ಹೇಳುತ್ತೇವೆ.

ನಮ್ಮ ಮನೆಗಳಲ್ಲಿ ಅಪ್ಪನ ಪಿನ್ ಮಗನಿಗೆ ಗೊತ್ತು, ಹೆಂಡತಿಯ ಪಿನ್ ಗಂಡನಿಗೆ ಗೊತ್ತು, ಇಬ್ಬರದೂ ಹತ್ತನೆಯ ಕ್ಲಾಸಿನ ಮಗಳಿಗೆ ಗೊತ್ತು. "ಹಾಲು ತಗೊಂಡು ಬಾ" ಎಂದು ಕಾರ್ಡಿನ ಜೊತೆಗೆ ನಾಲ್ಕಂಕಿಯನ್ನೂ ಹೇಳಿ ಕಳಿಸುತ್ತೇವೆ. ಇದರಲ್ಲಿ ಅಪನಂಬಿಕೆಯ ಮಾತೇ ಇಲ್ಲ, ಒಂದೇ ಮನೆ, ಒಂದೇ ಹುಂಡಿ. ಆದರೆ ಈ ದೇಶದ ನಿಯಮ ಅದನ್ನು ಹಾಗೆ ನೋಡುವುದಿಲ್ಲ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ.

ಆಸ್ಟ್ರೇಲಿಯಾದಲ್ಲಿ ಇಪೇಮೆಂಟ್ಸ್ ಕೋಡ್ ಎಂಬ ನಿಯಮಾವಳಿ ಇದೆ. ಅದನ್ನು ನೋಡಿಕೊಳ್ಳುವುದು ಆಸಿಕ್ ಎಂಬ ಸರ್ಕಾರಿ ಸಂಸ್ಥೆ, ದೊಡ್ಡ ಬ್ಯಾಂಕುಗಳೆಲ್ಲ ಇದಕ್ಕೆ ಒಪ್ಪಿವೆ. ನಿಮ್ಮ ಒಪ್ಪಿಗೆಯಿಲ್ಲದೆ ಖಾತೆಯಿಂದ ಹಣ ಹೋದರೆ ನಷ್ಟ ಯಾರದು ಎಂಬುದನ್ನು ಅದು ತೀರ್ಮಾನಿಸುತ್ತದೆ. ನಿಮ್ಮ ಪಾಲಿನ ತಪ್ಪೇನೂ ಇಲ್ಲವೆಂದು ಸ್ಪಷ್ಟವಿದ್ದರೆ ನಿಮಗೆ ನಷ್ಟವಿಲ್ಲ. ಕಾರ್ಡು ಕಳೆದದ್ದನ್ನು ತಿಳಿಸಿದ ಮೇಲೆ ಆದ ನಷ್ಟವೂ ನಿಮ್ಮದಲ್ಲ. ಪಿನ್ ಬಳಸಿ ಹಣ ತೆಗೆದಿದ್ದು, ಯಾರ ತಪ್ಪೆಂದು ಗೊತ್ತಾಗದಿದ್ದರೆ ನಿಮ್ಮ ಹೊಣೆ ಹೆಚ್ಚೆಂದರೆ 150 ಡಾಲರ್. ಇಲ್ಲಿಯವರೆಗೆ ನಮ್ಮ ಪರವಾಗಿಯೇ ಇದೆ. ಆದರೆ ಪಿನ್ನನ್ನು ನೀವಾಗಿಯೇ ಬೇರೆಯವರಿಗೆ ಹೇಳಿದ್ದು ಆ ನಷ್ಟಕ್ಕೆ ಕಾರಣವಾಯಿತೆಂದು ಬ್ಯಾಂಕು ತೋರಿಸಿದರೆ, ನೀವು ತಿಳಿಸುವವರೆಗೆ ಆದ ನಷ್ಟ ನಿಮ್ಮ ತಲೆಗೇ ಬರುತ್ತದೆ. ಕುಟುಂಬದವರು, ಸ್ನೇಹಿತರು ಕೂಡ "ಬೇರೆಯವರೇ" ಎಂದು ನಿಯಮ ಬಿಡಿಸಿ ಹೇಳಿದೆ. ಪಿನ್ನನ್ನು ಕಾರ್ಡಿನ ಮೇಲೆ ಬರೆದರೂ, ಚೀಟಿಯಲ್ಲಿ ಬರೆದು ಅದೇ ಪರ್ಸಿನಲ್ಲಿ ಇಟ್ಟರೂ ಇದೇ ಗತಿ. ಎಟಿಎಂನಲ್ಲಿ ಕಾರ್ಡು ಬಿಟ್ಟುಬಂದು ಅದರಿಂದ ಹಣ ಹೋದರೂ ಹೊಣೆ ನಿಮ್ಮದಾಗಬಹುದು.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಗಂಡಹೆಂಡತಿ ಜಂಟಿ ಖಾತೆ ಮಾಡಿ, ಇಬ್ಬರ ಹೆಸರಿನಲ್ಲಿ ಎರಡು ಕಾರ್ಡು, ಎರಡು ಪಿನ್ ಇಟ್ಟುಕೊಳ್ಳಲಿ. ಹಾಲು ತರುವ ಮಗಳಿಗೆ ಅವಳದೇ ಪುಟ್ಟ ಖಾತೆ ಇರಲಿ, ಅದಕ್ಕೆ ವಾರಕ್ಕಿಷ್ಟು ಎಂದು ಹಾಕಿ. ಹೊಸದಾಗಿ ಬಂದ ಹೆಣ್ಣುಮಕ್ಕಳಿಗೆ ಒಂದು ಮಾತನ್ನು ಬಿಚ್ಚಿಯೇ ಹೇಳುತ್ತೇವೆ: "ಅವರ ಕಾರ್ಡೇ ಇದೆಯಲ್ಲ, ನಂಗ್ಯಾಕೆ" ಎನ್ನಬೇಡಿ. ನಿಮ್ಮ ಹೆಸರಿನಲ್ಲಿ ಒಂದು ಖಾತೆ, ಒಂದು ಕಾರ್ಡು, ನಿಮಗೆ ಮಾತ್ರ ಗೊತ್ತಿರುವ ಒಂದು ಪಿನ್ ಇರಲಿ. ಸಂಸಾರ ಚೆನ್ನಾಗಿರುವಾಗಲೇ ಇದನ್ನು ಮಾಡಿಕೊಳ್ಳುವುದು ಸುಲಭ. ಬ್ಯಾಂಕಿನ ಜೊತೆ ವಾದ ಬಗೆಹರಿಯದಿದ್ದರೆ 2018ರ ನವೆಂಬರಿನಿಂದ ಆಫ್ಕಾ ಎಂಬ ದೂರು ಪ್ರಾಧಿಕಾರವಿದೆ. ಅಲ್ಲಿ ದೂರು ಕೊಡಲು ಶುಲ್ಕವಿಲ್ಲ, ದುಭಾಷಿಯ ಸಹಾಯವನ್ನೂ ಕೇಳಬಹುದು.

ಚಿಪ್ಪು ಕಾಯದ ಕಡೆಗಳೂ ಇವೆ. ಕಾರ್ಡಿನ ಸಂಖ್ಯೆ ಟೈಪಿಸಿ ಇಂಟರ್‌ನೆಟ್ಟಿನಲ್ಲಿ ಕೊಳ್ಳುವಾಗ ಗುಮಾಸ್ತನಿಗೆ ಕೆಲಸವೇ ಇಲ್ಲ, ಆತ ನಿದ್ದೆಯಲ್ಲಿರುತ್ತಾನೆ. ಚಿಪ್ಪು ಬಂದ ಮೇಲೆ ಕಳ್ಳರೆಲ್ಲ ಆ ಕಡೆಗೇ ತಿರುಗಿದರು. ಈಗ ಈ ದೇಶದ ಕಾರ್ಡು ವಂಚನೆಯಲ್ಲಿ ಬಹುಪಾಲು ಕಾರ್ಡು ಕಣ್ಣಿಗೆ ಕಾಣದ ವ್ಯವಹಾರಗಳದೇ. ಇನ್ನು ಬ್ಯಾಂಕಿನಿಂದ ಎಂದು ಹೇಳಿಕೊಂಡು ಫೋನು ಮಾಡುವವರಿಗೆ ನಾವೇ ಎಸ್ಸೆಮ್ಮೆಸ್ಸಿನ ಸಂಕೇತ ಓದಿಹೇಳಿದರೆ ಯಾವ ಚಿಪ್ಪೂ ಏನೂ ಮಾಡಲಾರದು.

ಊರಿನ ಕಾರ್ಡು

ಭಾರತದಲ್ಲಿ ರಿಸರ್ವ್ ಬ್ಯಾಂಕು 2013ರ ಡಿಸೆಂಬರಿನಿಂದ ಅಂಗಡಿಗಳಲ್ಲಿ ಡೆಬಿಟ್ ಕಾರ್ಡಿಗೆ ಪಿನ್ ಕಡ್ಡಾಯ ಮಾಡಿತು. 2015ರ ಆಗಸ್ಟಿನಲ್ಲಿ ಚಿಪ್ಪಿನ ಆದೇಶ ಬಂತು. ಅದು ಎಷ್ಟು ಅಗತ್ಯವಾಗಿತ್ತು ಎಂಬುದು ಮರುವರ್ಷವೇ ಗೊತ್ತಾಯಿತು. ಎಟಿಎಂ ವ್ಯವಸ್ಥೆಯೊಂದರಲ್ಲಿ ಕುತಂತ್ರಾಂಶ ಹೊಕ್ಕು ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳ ಮಾಹಿತಿ ಸೋರಿರಬಹುದೆಂದು 2016ರ ಅಕ್ಟೋಬರಿನಲ್ಲಿ ಬಯಲಾಯಿತು. ಸ್ಟೇಟ್ ಬ್ಯಾಂಕ್ ಒಂದೇ ಸುಮಾರು 6 ಲಕ್ಷ ಕಾರ್ಡುಗಳನ್ನು ಬದಲಾಯಿಸಿತು. ಪಟ್ಟಿ ಮಾತ್ರ ಇರುವ ಹಳೆಯ ಕಾರ್ಡುಗಳನ್ನು ಬದಲಾಯಿಸಲು ಕೊಟ್ಟ ಗಡುವು 2018ರ ಡಿಸೆಂಬರ್ 31.

ಆ ಗಡುವು ನಮ್ಮಂಥ ಹೊರದೇಶದವರಲ್ಲಿ ಹಲವರಿಗೆ ತಿಳಿಯಲೇ ಇಲ್ಲ. ಹೊಸ ಕಾರ್ಡು ಊರಿನ ಹಳೆಯ ವಿಳಾಸಕ್ಕೆ ಹೋಗಿ ವಾಪಸಾಗಿರುತ್ತದೆ. ಇಲ್ಲಿ ಪೆಟ್ಟಿಗೆಯಲ್ಲಿರುವ ಕಾರ್ಡನ್ನು ಎರಡು ವರ್ಷದ ಮೇಲೆ ರಜೆಗೆ ಹೋದಾಗ ಎಟಿಎಂಗೆ ಹಾಕಿದರೆ ಉಗುಳುತ್ತದೆ. ಅಷ್ಟೇ ಅಲ್ಲ, ಕೆಲವು ಕಾರ್ಡುಗಳ ಮೇಲಿರುವ ಬ್ಯಾಂಕಿನ ಹೆಸರೇ ಇವತ್ತು ಇಲ್ಲ! 1913ರಲ್ಲಿ ವಿಶ್ವೇಶ್ವರಯ್ಯನವರ ಮುಂದಾಳತ್ವದಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರ ಏಪ್ರಿಲಿನಲ್ಲಿ ಸ್ಟೇಟ್ ಬ್ಯಾಂಕಿಗೆ ಸೇರಿತು. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರ ಏಪ್ರಿಲಿನಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಸೇರಿದವು. 1928ರಲ್ಲೇ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಂತೆ ಪಿಗ್ಮಿ ಕಟ್ಟಿಸಿಕೊಂಡ ಸಿಂಡಿಕೇಟ್ ಬ್ಯಾಂಕಿನ ಹೆಸರು ಕಾರ್ಡಿನ ಮೇಲಿಲ್ಲ ಎಂದರೆ ಉಡುಪಿಯ ಕಡೆಯವರಿಗೆ ಈಗಲೂ ಹೊಟ್ಟೆಯಲ್ಲಿ ಕಸಿವಿಸಿ. ಅದು ಹಾಗಿರಲಿ. ಖಾತೆ ಹೊಸ ಬ್ಯಾಂಕಿನಲ್ಲಿ ಉಳಿದಿರುತ್ತದೆ. ಹೊಸ ಐಎಫ್‌ಎಸ್‌ಸಿ ಸಂಕೇತ ಯಾವುದು, ಹೊಸ ಕಾರ್ಡು ಎಲ್ಲಿಗೆ ಹೋಗಿದೆ ಎಂದು ಕೇಳಿ ತಿಳಿಯುವ ಕೆಲಸ ನಮ್ಮದು. ಇಲ್ಲಿ ನೆಲೆಸಿದ ಮೇಲೂ ಊರಿನ ಖಾತೆಯನ್ನು ಸಾದಾ ಉಳಿತಾಯ ಖಾತೆಯಾಗಿಯೇ ಬಿಟ್ಟಿದ್ದರೆ, ಅದೇ ಭೇಟಿಯಲ್ಲಿ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಿಕೊಳ್ಳಿ. ಅದು ಫೆಮಾ ಕಾನೂನಿನ ನಿಯಮ.

ಇನ್ನು ತಂದೆತಾಯಿಗಳು ಇಲ್ಲಿಗೆ ಹೊರಡುವಾಗ ವಿಮಾನ ಹತ್ತುವ ಮುಂಚೆ ಮಾಡಬೇಕಾದ ಕೆಲಸವೊಂದಿದೆ. 2020ರ ಜನವರಿಯ ರಿಸರ್ವ್ ಬ್ಯಾಂಕ್ ಆದೇಶದಂತೆ ಅಲ್ಲಿನ ಹೊಸ ಕಾರ್ಡುಗಳು ಮೊದಲಿಗೆ ದೇಶದೊಳಗಿನ ಎಟಿಎಂ ಮತ್ತು ಅಂಗಡಿಗಳಲ್ಲಿ ಮಾತ್ರ ನಡೆಯುತ್ತವೆ. ವಿದೇಶದ ಬಳಕೆ, ತಾಗಿಸುವ ಪಾವತಿ, ಇಂಟರ್‌ನೆಟ್ ಖರೀದಿ ಇವುಗಳನ್ನು ಗ್ರಾಹಕರೇ ಒಂದೊಂದಾಗಿ ತೆರೆಯಬೇಕು. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಕುಳಿತು ಮಾಡಿದರೂ ಸಾಕು, ಸಿಡ್ನಿಗೆ ಬಂದ ಮೇಲೆ ಮಾಡಲು ಹೊರಟರೆ ಒಟಿಪಿ ಬೇಕಾಗುತ್ತದೆ. ರುಪೇ ಕಾರ್ಡಾದರೆ ಅದು ವಿದೇಶದಲ್ಲಿ ನಡೆಯುವ ಜಾತಿಯದೇ ಎಂದು ಬ್ಯಾಂಕಿನಲ್ಲಿ ಕೇಳಿಬಿಡಿ, ದೇಶದೊಳಗೆ ಮಾತ್ರ ನಡೆಯುವವೂ ಇವೆ. ಇಲ್ಲಿನ ಯಂತ್ರ "ರೂಪಾಯಿಯಲ್ಲೋ ಡಾಲರಿನಲ್ಲೋ" ಎಂದು ಕೇಳಿದರೆ ಡಾಲರನ್ನೇ ಆರಿಸಿಕೊಳ್ಳಿ. ರೂಪಾಯಿ ಎಂದರೆ ಯಂತ್ರದವರೇ ತಮ್ಮ ದರದಲ್ಲಿ ಲೆಕ್ಕ ಹಾಕುತ್ತಾರೆ, ಅದು ಸಾಮಾನ್ಯವಾಗಿ ದುಬಾರಿ.

ಒಟಿಪಿ ಎಂದೆವು. ಊರಿನ ಸಿಮ್ ಕಾರ್ಡು ಹೆಚ್ಚಿನವರ ಮನೆಯಲ್ಲಿ ಯಾವುದೋ ಡ್ರಾಯರಿನಲ್ಲಿ ಮಲಗಿರುತ್ತದೆ. ಬ್ಯಾಂಕಿನ ಎಚ್ಚರಿಕೆಯ ಎಸ್ಸೆಮ್ಮೆಸ್ಸು ಬರುವುದು ಅದಕ್ಕೇ. 2017ರ ಜುಲೈನ ರಿಸರ್ವ್ ಬ್ಯಾಂಕ್ ಸುತ್ತೋಲೆ ಗ್ರಾಹಕರ ಹೊಣೆಯನ್ನು ದಿನದ ಲೆಕ್ಕಕ್ಕೆ ಕಟ್ಟಿತು. ಗ್ರಾಹಕರದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ಆದ ವಂಚನೆಯನ್ನು, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕರದಲ್ಲ. ನಾಲ್ಕರಿಂದ ಏಳು ದಿನವಾದರೆ ಒಂದು ಮಿತಿಯವರೆಗೆ ಗ್ರಾಹಕರದು. ಅದನ್ನೂ ಮೀರಿದರೆ ಬ್ಯಾಂಕಿನ ಆಡಳಿತ ಮಂಡಳಿ ಮಾಡಿಕೊಂಡ ನೀತಿಯಂತೆ. ಫೋನಿನಿಂದ ಹೊರಗೆ ತೆಗೆದಿಟ್ಟ ಸಿಮ್ಮಿಗೆ ದಿನ ಎಣಿಸಲು ಬರುವುದಿಲ್ಲ. ಎರಡು ಸಿಮ್ ಹಿಡಿಯುವ ಫೋನಿದ್ದರೆ ಅದನ್ನು ಅದರಲ್ಲೇ ಹಾಕಿ ಜೀವಂತವಾಗಿಡಿ, ಇಲ್ಲವೇ ಎಚ್ಚರಿಕೆಗಳು ಇಮೇಲಿಗೂ ಬರುವಂತೆ ಶಾಖೆಗೆ ಬರೆದುಕೊಡಿ. ಎನ್‌ಆರ್‌ಒ ಖಾತೆಗೆ ಇಲ್ಲಿನ ಮೊಬೈಲ್ ನಂಬರನ್ನೇ ನೋಂದಾಯಿಸಿಕೊಳ್ಳುವ ಬ್ಯಾಂಕುಗಳೂ ಇವೆ. ಆ ಫಾರಂನಲ್ಲಿ ನಂಬರಿನ ಹಿಂದೆ 61 ಸೇರಿಸಿ, ಮುಂದಿನ ಸೊನ್ನೆಯನ್ನು ಬಿಟ್ಟು ಬರೆಯಿರಿ.